ಕೊನೆಯ ಸೂಜಿ

ನಮ್ಮ ಅತ್ತೆಗೆ ಕೋಪ ಬಂದರೆ ಮಾತು ನಿಂತುಹೋಗುತ್ತದೆ. ನನಗೆ ಬಂದರೆ ಬೀದಿಗೆಲ್ಲ ಕೇಳುತ್ತದೆ. ಅವತ್ತು ಅವರು ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನಾದಾಗ ಏನೋ ಎಡವಟ್ಟಾಗಿದೆ ಎಂದು ನನಗೆ ಗೊತ್ತಾಯಿತು.

ಕುರಿ ಮಾರುವ ಕೆಲಸವನ್ನು ಅವರು ಮೊದಲ ಸಲ ನನಗೆ ಒಪ್ಪಿಸಿದ್ದರು. ಕೆಮ್ಮು ಹಿಡಿದಿದ್ದ ಆರು ಟಗರುಗಳಿಗೆ ಡಾಕ್ಟರು ಐದು ದಿನ ದಿನಕ್ಕೊಂದು ಸೂಜಿ ಹಾಕಿದ್ದರು. ಮದ್ದು ಮಾಂಸದಲ್ಲಿ ಉಳಿದಿರುತ್ತೆ, ಸೂಜಿ ಹಾಕಿ ಇಪ್ಪತ್ತೆಂಟು ದಿನ ಮಾರಬೇಡಿ ಎಂದಿದ್ದರು. ನಾನು ಮಹಾ ಜಾಣೆ, ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದಿಟ್ಟೆ. ಇಪ್ಪತ್ತೆಂಟು ತುಂಬಿದ ಬೆಳಿಗ್ಗೆಯೇ ಮಾಂಸದಂಗಡಿಯವರಿಗೆ ಫೋನು ಮಾಡಿದೆ.

ಆರೂ ಟಗರು ಅವರ ವ್ಯಾನು ಹತ್ತಿದ ಮೇಲೆ ಅತ್ತೆ ಬಾಗಿಲ ಮುಂದೆ ನಿಂತು, ಇದು ಎಷ್ಟನೇ ಸೂಜಿಯ ತಾರೀಖು ಎಂದರು. ಮೊದಲನೆಯದು ಎಂದೆ, ಹೆಮ್ಮೆಯಿಂದಲೇ. ಅವರು ಬೆರಳು ಮಡಚಿ ಎಣಿಸಿದರು. ಎಣಿಕೆ ಶುರುವಾಗಬೇಕಿದ್ದದ್ದು ಕೊನೆಯ ಸೂಜಿಯಿಂದ. ಇನ್ನೂ ನಾಲ್ಕು ದಿನ ಬಾಕಿ ಇತ್ತು.

ಟಗರುಗಳನ್ನು ಮತ್ತೆ ಇಳಿಸಬೇಕು ಎಂದು ತಿಳಿದು ಅಂಗಡಿಯವರು ರೇಗಿದರು. ನಾಲ್ಕು ದಿನದಲ್ಲಿ ಏನು ಮಹಾ, ಬರಿಗೈಯಲ್ಲಿ ಕಳಿಸಿದರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದರು. ನಮ್ಮ ಕುರಿ ಕೊಳ್ಳುವವರು ಅವರೊಬ್ಬರೇ. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಸೊಸೆ ತಪ್ಪು ಮಾಡಿದಳು ಎಂದು ಅತ್ತೆ ಒಂದು ಮಾತು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ. ನಮ್ಮ ಮನೆಯಲ್ಲಿ ಎಣಿಕೆ ತಪ್ಪಿದೆ ಎಂದಷ್ಟೇ ಅಂದು, ಮಂಡಿನೋವಿನಲ್ಲೂ ಟಗರುಗಳನ್ನು ಒಂದೊಂದಾಗಿ ಇಳಿಸಿದರು. ಎಂಥ ಹೆಂಗಸಿನ ಮನೆಗೆ ಬಂದಿದ್ದೇನೆ ಎಂದು ನನಗೆ ಕಣ್ಣು ತುಂಬಿತು.

ಅದನ್ನು ನೋಡುತ್ತ ಅಂಗಡಿಯವರೂ ಮೆತ್ತಗಾದರು.

"ಸುಳ್ಳು ಯಾಕೆ ಹೇಳ್ಲಿ ಅಮ್ಮಾ, ನನ್ನ ಮಕ್ಕಳಿಗೆ ನಿಮ್ಮನೆ ಕುರಿ ಮಾತ್ರ ಒಯ್ಯೋದು. ಬೇರೆಯವರದ್ದು ಅಂಗಡೀಲಿ ಮಾರೋಕೆ ಅಷ್ಟೆ."

ನಾನು ಹಿಗ್ಗಿದೆ. ಅತ್ತೆ ಹಿಗ್ಗಲಿಲ್ಲ.

"ಅದನ್ನ ತಿನ್ನೋದು ಯಾರ ಮಕ್ಕಳಪ್ಪಾ?"

ಅಂಗಡಿಯವರು ಖಾಲಿ ವ್ಯಾನು ಹತ್ತಿ ಹೊರಟುಹೋದರು. ಮತ್ತೆ ಬರುತ್ತಾರೋ ಇಲ್ಲವೋ ಎಂದು ನಾಲ್ಕು ದಿನವೂ ದಾರಿ ನೋಡಿದೆ. ಐದನೆಯ ಬೆಳಿಗ್ಗೆ ವ್ಯಾನು ಬಂತು, ನಮ್ಮ ಮನೆ ದಾಟಿ ಪಕ್ಕದವರ ಕೊಟ್ಟಿಗೆಯ ಮುಂದೆ ನಿಂತಿತು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಅಷ್ಟರಲ್ಲಿ ಬೇಲಿಯಾಚೆಯಿಂದ ಅಂಗಡಿಯವರ ದನಿ ಕೇಳಿಸಿತು.

"ಮೊದಲು ಇದು ಹೇಳಿ, ಇವಕ್ಕೆ ಕೊನೇ ಸೂಜಿ ಹಾಕಿಸಿದ್ದು ಯಾವತ್ತು?"

ಅತ್ತೆ ಕಿವಿಗೊಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಟಗರುಗಳನ್ನು ಬಿಚ್ಚು ಎಂದರು.