ಮೂಳೆಯೊಳಗಿನ ಗಾಜಿನ ಚಿಪ್ಪು

ಕೃಷ್ಣವೇಣಿಗೆ ಡಯಾಟಮ್ ಎಂದರೆ ಪ್ರಾಣ. ಕಣ್ಣಿಗೆ ಕಾಣದ, ಗಾಜಿನ ಚಿಪ್ಪಿನ, ನೀರಿನ ಪಾಚಿ ಅದು. ಮೈಸೂರಿನಿಂದ ಕಲ್ಕತ್ತೆಯ ಲ್ಯಾಬಿಗೆ ಬಂದು ಹನ್ನೊಂದು ವರ್ಷ ಅವುಗಳನ್ನೇ ನೋಡಿದವಳು. ಹಾಗಾಗಿ ಎಂಬತ್ತೆರಡರ ಬೇಸಿಗೆಯಲ್ಲಿ ಪೊಲೀಸರು ಹೆಣವೊಂದರ ಮೂಳೆಯ ಮಜ್ಜೆಯನ್ನು ಶೀಶೆಯಲ್ಲಿ ತಂದದ್ದು ಅವಳ ಬಳಿಗೇ.

ಸತ್ತವಳು ರಾಜೀವಿ, ಬಿಬಿಡಿ ಬಾಗ್ ಹಿಂದೆ ಇಡ್ಲಿ ಹೋಟೆಲ್ ಇಟ್ಟಿದ್ದ ಉಡುಪಿಯ ಗಣಪಯ್ಯನವರ ಹಿರಿಮಗಳು. ಬೆಹಾಲಾದಲ್ಲಿ ಗಂಡನ ಮನೆಯ ಹಿಂದಿನ ಪುಕುರದಲ್ಲಿ ತೇಲುತ್ತಿದ್ದಳಂತೆ. ಕೊಳಕ್ಕೆ ಕಾಲು ಜಾರಿ ಬಿದ್ದಳು ಎಂದ ಗಂಡ ಜಯತೀರ್ಥ.

“ಸ್ವರ್ಣಾ ಹೊಳೆಯಲ್ಲಿ ಈಜಿ ಬೆಳೆದ ಹುಡುಗಿ ಅಮ್ಮಾ ಅದು,” ಎಂದು ಗಣಪಯ್ಯ ಲ್ಯಾಬಿನ ಬಾಗಿಲಲ್ಲೇ ಅತ್ತುಬಿಟ್ಟರು. “ಅವನೇ ಕೊಂದು ಹಾಕಿದನಾ? ಅದೊಂದು ಹೇಳಿ ನೀವು.”

“ಉಸಿರಿರುವಾಗ ಮುಳುಗಿದ್ರೆ ಡಯಾಟಮ್ ನೀರಿನ ಜೊತೆ ರಕ್ತಕ್ಕೆ ಹೋಗಿ ಮೂಳೆ ಸೇರುತ್ತೆ. ಸತ್ತ ಮೇಲೆ ಹಾಕಿದ್ರೆ ಸೇರಲ್ಲ. ನೋಡಿ ಹೇಳ್ತೀನಿ.”

ಮಜ್ಜೆಯನ್ನು ಆಸಿಡ್‌ನಲ್ಲಿ ಕುದಿಸಿ, ಉಳಿದದ್ದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಬೇಕು. ಆ ವಾರ ಲೋಡ್‌ಶೆಡ್ಡಿಂಗ್ ಕಾಟ, ಬಟ್ಟಿ ಯಂತ್ರ ಕೆಲಸವನ್ನೇ ಮಾಡಲಿಲ್ಲ. ಗಣಪಯ್ಯ ದಿನಾ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಆ ಮುಖ ನೋಡಲಾರದೆ ಕೃಷ್ಣವೇಣಿ ನಲ್ಲಿಯ ನೀರಿನಲ್ಲೇ ತೊಳೆದಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಓದಿದವರಿಗೆ ಇನ್ನೂ ಒಂದು ಕೈ ಮಟ್ಟ. ಸೂಕ್ಷ್ಮದರ್ಶಕದಲ್ಲಿ ದುಂಡು ಚಿಪ್ಪುಗಳು ಕಂಡವು. ಹೋಲಿಸಿ ನೋಡಬೇಕಾದ ಪುಕುರದ ನೀರನ್ನು ಠಾಣೆಯವರು ಇನ್ನೂ ಕಳಿಸಿರಲಿಲ್ಲ. ಆದರೂ ಬರೆದಳು: ನೀರಿಗೆ ಬಿದ್ದಾಗ ಜೀವವಿತ್ತು. ಪೊಲೀಸರು ಫೈಲು ಮುಚ್ಚಿದರು.

ನೀರು ಬಂದದ್ದು ಮೂರು ತಿಂಗಳ ಮೇಲೆ. ಪೇದೆ ಅವತ್ತು ಬೆಳಿಗ್ಗೆಯಷ್ಟೇ ಪುಕುರದಿಂದ ಬಾಟಲಿಯಲ್ಲಿ ತುಂಬಿ ತಂದಿದ್ದ. ಇನ್ನು ಯಾಕೆ ಎನ್ನುತ್ತಲೇ ಒಂದು ಹನಿ ಇಟ್ಟು ನೋಡಿದಳು. ಎಲ್ಲವೂ ದೋಣಿಯಾಕಾರದವು. ಚಿಪ್ಪಿನ ನಡುವೆ ಉದ್ದನೆಯ ಸೀಳು. ಅದರಿಂದ ಅಂಟು ಒಸರಿಸಿ ಜಾರುತ್ತ, ತಟ್ಟನೆ ನಿಂತು, ಬಂದ ದಾರಿಯಲ್ಲೇ ಹಿಂದೆ ಸರಿಯುತ್ತಿದ್ದವು. ದುಂಡಗಿನದು ಒಂದೂ ಇರಲಿಲ್ಲ. ದುಂಡಗಿನವಕ್ಕೆ ಆ ಸೀಳಿಲ್ಲ, ತಾವಾಗಿ ನಡೆಯಲಾರವು. ಹೊಳೆ ಒಯ್ದಲ್ಲಿಗೆ ಹೋಗುತ್ತವೆ. ಲ್ಯಾಬಿನ ನಲ್ಲಿಗೆ ಬರುತ್ತಿದ್ದದ್ದು ಸೋಸದ ಹೂಗ್ಲಿ ಹೊಳೆಯ ನೀರು. ನಲ್ಲಿಯ ನೀರನ್ನು ಇಟ್ಟು ನೋಡಿದಳು. ಅವೇ ದುಂಡು ಚಿಪ್ಪುಗಳು, ರಾಜೀವಿಯ ಮೂಳೆಯವಲ್ಲ, ತೊಳೆದ ನೀರಿನವು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಹೆಣ ಸುಟ್ಟಾಗಿತ್ತು, ಮಜ್ಜೆಯೆಲ್ಲ ಆಸಿಡ್‌ನಲ್ಲಿ ಕರಗಿತ್ತು. ಕೃಷ್ಣವೇಣಿಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಆದರೂ ಅವತ್ತೇ ಹೋಟೆಲಿಗೆ ಹೋಗಿ, ಗಣಪಯ್ಯನವರ ಮುಂದೆ ನಿಂತು, ಒಂದೂ ಬಿಡದೆ ಹೇಳಿದಳು.

“ಹಾಗಾದರೆ ಅವನೇ ಕೊಂದದ್ದಾ?”

“ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ. ತಪ್ಪು ನಂದು.”

ಗಣಪಯ್ಯ ಗಲ್ಲಾಪೆಟ್ಟಿಗೆ ಮುಚ್ಚಿ ಬೀಗ ಹಾಕಿದರು.

“ರಾಜೀವಿಯ ಮಗುವಿಗೆ ಎರಡು ವರ್ಷ ಅಮ್ಮಾ,” ಎಂದರು. “ನೋಡಿಕೊಳ್ಳಲಿಕ್ಕೆ ಜನ ಬೇಕಲ್ಲ? ನಮ್ಮ ಸಣ್ಣವಳು ಅಂಬುಜಾ ಹಟ ಹಿಡಿದಿದ್ದಳು, ಭಾವನನ್ನು ಕಂಡರೆ ಹೆದರಿಕೆ, ಬೇಡವೇ ಬೇಡ ಅಂತ. ನಾನೇ ನಿಮ್ಮ ರಿಪೋರ್ಟಿನ ಕಾಗದ ಓದಿ ಹೇಳಿ ಒಪ್ಪಿಸಿದೆ. ಹೋದ ಸೋಮವಾರ ಅವನ ಜೊತೆ ಮದುವೆ ಆಯಿತು.”

ಅವರು ಎದ್ದು ಚಪ್ಪಲಿ ಮೆಟ್ಟಿದರು.

“ಬನ್ನಿ, ಬೆಹಾಲಾಕ್ಕೆ ಹೋಗುವ. ನನ್ನಿಂದ ಹೇಳಲಿಕ್ಕೆ ಆಗುದಿಲ್ಲ. ಅವಳಿಗೆ ನೀವೇ ಹೇಳಿ.”