ಸಿಂಗಪುರಕ್ಕೆ ಹೋಗಿ ಬಂದವರು

ಪರದೆಯ ಮೇಲಿನ ದಪ್ಪ ಮೀಸೆಯ ಚಿಕ್ಕಪ್ಪ, ತಾನಾಗಿ ಮೇಲಕ್ಕೆ ಓಡುವ ಮೆಟ್ಟಿಲಿನ ಎದುರು ನಿಂತು ಅತ್ತಿತ್ತ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಭಕ್ತಿಯಿಂದ ಕಾಲಿಟ್ಟ. ಮೆಟ್ಟಿಲು ಅವನನ್ನು ಹೊತ್ತುಕೊಂಡು ಹೋಯಿತು, ಚಪ್ಪಲಿ ಕೆಳಗೇ ಉಳಿಯಿತು. ಭದ್ರಾವತಿಯ ಟಾಕೀಸಿನಲ್ಲಿ ಮ್ಯಾಟಿನಿಗೆ ಬಂದಿದ್ದವರೆಲ್ಲ ಹೋ ಎಂದು ನಕ್ಕರು. ತನುಜಾಳೂ ನಗಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು.

"ಅತ್ತಿಗೆ, ಇದು ನಮ್ಮಣ್ಣ ಹೇಳಿದ್ದೇ ಅಲ್ವಾ? ಆ ಹೂವಪ್ಪನ ಕಥೆ!" ಪಕ್ಕದಲ್ಲಿ ಕೂತಿದ್ದ ನಾದಿನಿ ರಶ್ಮಿ ಮೊಣಕೈಯಲ್ಲಿ ತಿವಿದಳು.

ಅದೇ ಕಥೆ. ತನುಜಾಳ ಗಂಡ ವಿಜಯಕುಮಾರನದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬಣ್ಣದ ಅಂಗಡಿ. ಕಳೆದ ಬೇಸಿಗೆಯಲ್ಲಿ ಪೇಂಟ್ ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಸಿಂಗಪುರಕ್ಕೆ ಕರೆದೊಯ್ದಿದ್ದರು. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ವರ್ತಕರು ಹಾರ ಹಾಕಿದ್ದರು, ಊರಿನ ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ವಾಪಸು ಬಂದ ವಿಜಯಕುಮಾರ ಬೇರೆ ಮನುಷ್ಯನೇ ಆಗಿಬಿಟ್ಟಿದ್ದ. ಅದುವರೆಗೆ ಮದುವೆ ಮನೆಗಳಲ್ಲಿ ಮೂಲೆ ಹುಡುಕಿ ಕೂರುತ್ತಿದ್ದವನು ಈಗ ನಾಲ್ಕು ಜನರ ನಡುವೆ ನಿಂತು ಸಿಂಗಪುರದ ಕಥೆ ಹೇಳುತ್ತಿದ್ದ. ಭದ್ರಾವತಿಯ ಡೀಲರ್ ಹೂವಪ್ಪ ಮೆಟ್ಟಿಲಿಗೆ ಚಪ್ಪಲಿ ಬಿಟ್ಟಿದ್ದು, ಹೋಟೆಲಿನ ರೂಮಿನಲ್ಲಿ ಚೊಂಬಿಲ್ಲದೆ ಹೂದಾನಿಯಲ್ಲಿ ಸ್ನಾನ ಮಾಡಿ ನೀರೆಲ್ಲ ಹೊರಗೆ ಹರಿದಿದ್ದು, ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಅದಲುಬದಲಾಗಿ ತೆಗೆದು ನೋಡಿದರೆ ಬರೀ ಹೆಂಗಸರು ಜಡೆಗೆ ಸೇರಿಸುವ ಸವರಿಗಳಿದ್ದದ್ದು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ತನುಜಾಳಿಗೂ ಹೆಮ್ಮೆಯಾಗುತ್ತಿತ್ತು.

ಪರದೆಯ ಮೇಲೆ ಹೂದಾನಿಯ ಸ್ನಾನ ಬಂತು. "ಸಿನಿಮಾದವ್ರು ಅಣ್ಣನ ಕಥೆನೇ ಕದ್ದಿದಾರೆ ನೋಡಿ!" ಎಂದು ರಶ್ಮಿ ನಕ್ಕಳು. ಸೂಟ್‌ಕೇಸಿನಿಂದ ಮೊದಲ ಸವರಿ ಹೊರಬಂದಾಗ ಅವಳೂ ನಗಲಿಲ್ಲ. ಅತ್ತಿಗೆಯ ಮುಖವನ್ನು ಕದ್ದು ನೋಡಿ, ಕಡಲೆಕಾಯಿ ಪೊಟ್ಟಣವನ್ನು ಮಡಿಲಿನಲ್ಲಿಟ್ಟುಕೊಂಡಳು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಗೋಡೆಯ ಪೋಸ್ಟರಿನ ಅಂಚಿಗೆ ಬೇರೆ ಚೀಟಿ ಅಂಟಿಸಿದ್ದರು: ಬೇಸಿಗೆಯಿಂದ ಬೆಂಗಳೂರಿನಲ್ಲಿ ಯಶಸ್ವಿ ಪ್ರದರ್ಶನ. ತನುಜಾ ಅದನ್ನು ಓದಿದಳು, ಇನ್ನೊಮ್ಮೆ ಓದಿದಳು.

"ಮನೆಗೆ ಬಂದು ಕಾಫಿ ಕುಡ್ಕೊಂಡು ಹೋಗಿ ಅತ್ತಿಗೆ," ಎಂದಳು ರಶ್ಮಿ. ಅವಳ ಮನೆ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸು.

"ಇನ್ನೊಂದ್ಸಲ ಬರ್ತೀನಿ. ರಶ್ಮಿ, ಅತ್ತೆಗೆ ಏನೂ ಹೇಳೋಕೆ ಹೋಗ್ಬೇಡ."

"ನಾನ್ಯಾಕೆ ಹೇಳ್ಲಿ," ಎಂದ ರಶ್ಮಿಯ ದನಿಯಲ್ಲಿ ಕನಿಕರವಿತ್ತು. ತನುಜಾಳಿಗೆ ಚುಚ್ಚಿದ್ದು ಅದೇ.

ಹೂವಪ್ಪನ ಅಂಗಡಿಗೆಂದು ಆಟೋದಲ್ಲಿ ಕೂತಾಗ ಹಳೆಯದೆಲ್ಲ ಒಂದೊಂದಾಗಿ ಮೇಲೆದ್ದು ಬಂತು. ಫೋಟೋ ಯಾಕೆ ತರಲಿಲ್ಲ ಎಂದರೆ ಕ್ಯಾಮೆರಾ ಸಮುದ್ರಕ್ಕೆ ಬಿತ್ತು ಅಂದಿದ್ದ. ಒಮ್ಮೆ ಮಾತ್ರ ಫೋನ್ ಮಾಡಿದ್ದ. ದನಿ ಪಕ್ಕದ ಬೀದಿಯಿಂದ ಬಂದ ಹಾಗಿತ್ತು. ಅವನ ಹಿಂದೆ ಒಬ್ಬ ಹೆಂಗಸು, "ಊಟಕ್ಕೆ ಏಳ್ತೀರಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದ್ದಳು. ಯಾರ್ರೀ ಅದು ಎಂದರೆ, ನಮ್ಮ ಗುಂಪಿನ ಯಾರೋ ಡೀಲರನ ಹೆಂಡ್ತಿ ಎಂದಿದ್ದ. ಹೆಂಡತಿಯರನ್ನು ಕರೆದುಕೊಂಡು ಹೋಗುವ ಹಾಗಿದ್ದರೆ ತನ್ನನ್ನೇಕೆ ಬಿಟ್ಟುಹೋದ? ಆಗ ಯಾಕೆ ಇದು ಹೊಳೆಯಲಿಲ್ಲ?

ಹೂವಪ್ಪ ತನ್ನ ಅಂಗಡಿಯಲ್ಲಿ ಒಬ್ಬನೇ ಕೂತು ಪೇಪರು ಓದುತ್ತಿದ್ದ. ತನುಜಾಳನ್ನು ಕಂಡು ಗಡಬಡಿಸಿ ಎದ್ದ.

"ಬನ್ನಿ ಅಕ್ಕ, ಕುತ್ಕಳಿ. ಏನು ಇಷ್ಟು ದೂರ?"

"ಇಲ್ಲೇ ನಾದಿನಿ ಮನೆಗೆ ಬಂದಿದ್ದೆ ಹೂವಪ್ಪಣ್ಣ. ನಿಮ್ಮ ಸಿಂಗಪುರದ ಕಥೆ ಹೇಳ್ಕೊಂಡು ನಗ್ತಿದ್ವಿ. ಆ ಹಡಗಿನಲ್ಲಿ ಗಾಳಿಗೆ ನಿಮ್ಮ ಟೋಪಿ ಹಾರಿ ಹೋಯ್ತಂತೆ? ನಮ್ಮನೆಯವರು ಹಿಡಿಯೋಕೆ ಹೋಗಿ ಬಿದ್ರಂತೆ?"

ಅಂಥ ಕಥೆಯನ್ನು ವಿಜಯಕುಮಾರ ಯಾವತ್ತೂ ಹೇಳಿರಲಿಲ್ಲ.

"ಹ್ಞಾಂ... ಹೌದೌದು, ಹಾರಿ ಹೋಯ್ತು," ಹೂವಪ್ಪ ನಕ್ಕ. "ಬಿದ್ರು ಪಾಪ."

ತನುಜಾ ಅವನನ್ನೇ ನೋಡುತ್ತ ಕೂತಳು. ಹೂವಪ್ಪನ ನಗು ಸಣ್ಣಗಾಗುತ್ತ ಹೋಗಿ ಕೊನೆಗೆ ಇಲ್ಲವಾಯಿತು. ಅವನು ಪೇಪರನ್ನು ಮಡಚಿದ, ಮತ್ತೆ ಬಿಡಿಸಿದ.

"ಅವರು ಸಿಂಗಪುರಕ್ಕೆ ಬರಲೇ ಇಲ್ಲ, ಅಲ್ವಾ?"

"ನನ್ನ ಬಾಯಲ್ಲಿ ಹೇಳಿಸ್ಬೇಡಿ ಅಕ್ಕ. ಅವ್ರನ್ನೇ ಕೇಳಿ. ಕೆಟ್ಟ ಕೆಲ್ಸ ಏನೂ ಮಾಡಿಲ್ಲ ಅವ್ರು."

ಇದನ್ನು ಗಂಡ ಹೇಳಿಕೊಟ್ಟಿದ್ದನೋ, ಹೂವಪ್ಪ ತಾನಾಗಿ ಹೇಳಿದನೋ, ಬಸ್ಸಿನುದ್ದಕ್ಕೂ ತನುಜಾ ಅದನ್ನೇ ತಿರುವಿ ತಿರುವಿ ನೋಡಿದಳು.

ಸವಳಂಗ ರಸ್ತೆಯಲ್ಲಿಳಿದು ನೇರ ಅಂಗಡಿಗೆ ಹೋದಾಗ ವಿಜಯಕುಮಾರ ಮನೆ ಗೋಡೆಗೆ ಬಣ್ಣ ಕೊಳ್ಳಲು ಬಂದಿದ್ದ ಮೇಷ್ಟರೊಬ್ಬರಿಗೆ ಅದೇ ಮೆಟ್ಟಿಲಿನ ಕಥೆ ಹೇಳುತ್ತಿದ್ದ. ಅವಳನ್ನು ನೋಡಿ ಕೈಯಲ್ಲೇ ಕೂರಲು ಸನ್ನೆ ಮಾಡಿ ಮುಂದುವರಿಸಿದ. ಚಪ್ಪಲಿ ಬಿಡುವಾಗ ಹುಬ್ಬು ಹಾರಿಸಿದ್ದು, ಅತ್ತಿತ್ತ ನೋಡಿದ್ದು, ಎಲ್ಲ ಪರದೆಯ ಚಿಕ್ಕಪ್ಪನ ಹಾಗೆಯೇ ಇತ್ತು. ಮೇಷ್ಟರು ನಗುತ್ತ ಹೋದರು.

"ಭದ್ರಾವತೀಲಿ ಸಿನಿಮಾ ನೋಡಿದೆ," ಎಂದು ತನುಜಾ ಅದರ ಹೆಸರು ಹೇಳಿದಳು.

ವಿಜಯಕುಮಾರ ಬಣ್ಣದ ಡಬ್ಬಿಯೊಂದರ ಮುಚ್ಚಳವನ್ನು ಒತ್ತಿ ಒತ್ತಿ ಹಾಕಿದ. ಅದು ಆಗಲೇ ಮುಚ್ಚಿತ್ತು.

"ಯಾರ್ರೀ ಅವಳು? ಫೋನಲ್ಲಿ ಊಟಕ್ಕೆ ಕರೆದೋಳು?"

"ಯಾವಳೂ ಇಲ್ಲ ಮಾರಾಯ್ತಿ. ಲಾಡ್ಜ್ ಪಕ್ಕ ಒಂದು ಖಾನಾವಳಿ ಇತ್ತು. ಅಲ್ಲಿ ಬಡಿಸೋ ಅಮ್ಮ. ಅಲ್ಲಿಂದ್ಲೇ ಫೋನ್ ಮಾಡಿದ್ದೆ."

"ಯಾವ ಲಾಡ್ಜು?"

"ಬೆಂಗ್ಳೂರು. ಮೆಜೆಸ್ಟಿಕ್ ಹತ್ರ." ಅವನು ಸ್ಟೂಲಿನ ಮೇಲೆ ಕೂತ. "ಮದ್ರಾಸಲ್ಲಿ ಏರ್‌ಪೋರ್ಟೊಳಗೆ ಹೋದ್ವಿ. ಪಾಸ್‌ಪೋರ್ಟಲ್ಲಿ ಒಂದು ಹೆಸ್ರಿದೆ, ಟಿಕೆಟಲ್ಲಿ ಇನ್ನೊಂದಿದೆ ಅಂದ್ರು. ಅಪ್ಪನ ಹೆಸ್ರು ಹಿಂದೆ ಮುಂದೆ ಆಗಿತ್ತು. ನಿಮ್ಮದಲ್ಲ ಇದು, ಪಕ್ಕಕ್ಕೆ ನಿಂತ್ಕೊಳ್ಳಿ ಅಂದ್ರು. ನಿಂತ್ಕೊಂಡೆ. ಎಲ್ಲಾರೂ ನನ್ನ ದಾಟ್ಕೊಂಡು ಹೋದ್ರು."

"ಮನೆಗೆ ಬರೋಕೆ ಏನಾಗಿತ್ತು?"

"ಹಾರ ಹಾಕಿ ಕಳ್ಸಿದ್ರಲ್ಲೇ. ಅವ್ವ ದೃಷ್ಟಿ ತೆಗೆದು ಕಳ್ಸಿದ್ಲು. ಯಾವ ಮುಖ ಇಟ್ಕೊಂಡು ಬರ್ಲಿ? ಹಗಲೆಲ್ಲ ರೂಮಲ್ಲಿ ಸೆಕೆ. ಎದುರಿನ ಟಾಕೀಸಲ್ಲಿ ಇದೇ ಸಿನಿಮಾ ಇತ್ತು. ಹೋಗಿ ಕೂತೆ. ದಿನಾ ಕೂತೆ. ಜನ ನಗ್ತಿದ್ರು. ಬಂದ್ಮೇಲೆ ನೀವೆಲ್ಲ ಹೇಳು ಹೇಳು ಅಂದ್ರಿ."

ತನುಜಾ ಅವನ ಮುಖ ನೋಡಿದಳು. ಇಷ್ಟು ತಿಂಗಳು ಇಷ್ಟು ಚೆನ್ನಾಗಿ ಸುಳ್ಳು ಹೇಳಿದ ಮುಖವೇ ಅದು. ಚಪ್ಪಲಿಯ ಕಥೆಯನ್ನು ನಂಬಿಸಿದವನಿಗೆ ಖಾನಾವಳಿಯ ಕಥೆ ನಂಬಿಸುವುದು ಏನು ಕಷ್ಟ? ಹೂವಪ್ಪನಿಗೆ ಹೇಳಿಕೊಟ್ಟ ಹಾಗೆ ಇದನ್ನೂ ಮೊದಲೇ ಕಟ್ಟಿಟ್ಟುಕೊಂಡಿರಬಹುದು. ಒಂದು ಸಲ ಸಿನಿಮಾ ನೋಡಿದವನೂ ನಾಲ್ಕು ಕಥೆ ಕದಿಯಬಲ್ಲ. ಉಳಿದ ದಿನಗಳೆಲ್ಲ ಎಲ್ಲಿದ್ದ?

"ನಾಳೆ ಮ್ಯಾಟಿನಿಗೆ ಹೋಗೋಣ ನಡೀರಿ," ಎಂದಳು.

"ಎಲ್ಲಿಗೆ?"

"ಭದ್ರಾವತಿಗೆ. ಅದೇ ಸಿನಿಮಾಕ್ಕೆ."

"ಬೇಡ ಕಣೇ. ಬೇರೆ ಏನು ಬೇಕಾದ್ರೂ ಹೇಳು."

"ಹೋಗಲೇಬೇಕು."

ಮರುದಿನ ಅಂಗಡಿ ಮುಚ್ಚಿ ಇಬ್ಬರೂ ಬಸ್ಸು ಹತ್ತಿದರು. ಟಾಕೀಸಿನಲ್ಲಿ ತನುಜಾ ಬೇಕೆಂದೇ ಸ್ವಲ್ಪ ಓರೆಯಾಗಿ ಕೂತಳು. ದೀಪ ಆರಿತು. ಅವಳು ಪರದೆಯ ಕಡೆ ತಿರುಗಲಿಲ್ಲ, ಗಂಡನನ್ನೇ ನೋಡಿದಳು.

ಮೊದಲು ಏನೂ ಕಾಣಲಿಲ್ಲ. ಅವನು ತುಟಿ ಬಿಗಿದು ಕೂತಿದ್ದ. ಪರದೆಯ ಮೇಲೆ ಆ ಕುಟುಂಬ ಸೂಟ್‌ಕೇಸು, ಉಪ್ಪಿನಕಾಯಿ ಜಾಡಿಗಳೊಡನೆ ಮನೆ ಬಿಡುತ್ತಿತ್ತು. ಬಾಗಿಲಲ್ಲಿ ನಿಂತ ಹಾಲಿನವನು ಏನೋ ಒಂದು ಮಾತು ಹೇಳಿದ. ಯಾರೂ ನಗುವಂಥದ್ದಲ್ಲ, ನಿನ್ನೆ ಅವಳು ಗಮನಿಸಿಯೂ ಇರಲಿಲ್ಲ. ಆದರೆ ಆ ಮಾತು ಬರುವ ಮೊದಲೇ ವಿಜಯಕುಮಾರನ ತುಟಿ ಅಲುಗಿತ್ತು. ಆಮೇಲೆ ಡ್ರೈವರನ ಮಾತಿಗೆ ಅಲುಗಿತು. ಮಗು ಅಳುವ ಮೊದಲು, ಅಜ್ಜಿ ಬೈಯುವ ಮೊದಲು, ಒಂದಕ್ಷರ ತಪ್ಪದೆ, ಸದ್ದಿಲ್ಲದೆ ಅವನ ತುಟಿ ಸಿನಿಮಾಕ್ಕಿಂತ ಮುಂದೆ ಮುಂದೆ ಹೋಗುತ್ತಿತ್ತು. ಹಾಗೆ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಏರ್‌ಪೋರ್ಟ್ ಬಂತು. ಗಾಜಿನ ಹಿಂದಿನ ಅಧಿಕಾರಿ ಅಜ್ಜಿಯ ಮುಖವನ್ನೂ ಪಾಸ್‌ಪೋರ್ಟನ್ನೂ ಬದಲಿಸಿ ಬದಲಿಸಿ ನೋಡಿದ. ಅಜ್ಜಿ ಅವನಿಗೊಂದು ಉಂಡೆ ಕೊಟ್ಟಳು. ಟಾಕೀಸೆಲ್ಲ ನಗುತ್ತಿರುವಾಗ ಅಧಿಕಾರಿ ಠಪ್ಪೆಂದು ಸೀಲು ಒತ್ತಿದ.

ವಿಜಯಕುಮಾರನ ತುಟಿ ನಿಂತಿತ್ತು. ಅವನು ಬಗ್ಗಿ, ಕಾಲ ಬಳಿ ಏನನ್ನೋ ಹುಡುಕತೊಡಗಿದ. ಏನೂ ಬಿದ್ದಿರಲಿಲ್ಲ. ಸೀಲಿನ ಸದ್ದು ಮತ್ತೆ ಮತ್ತೆ ಬಂತು, ಒಬ್ಬೊಬ್ಬರಾಗಿ ಆ ಮನೆಯವರೆಲ್ಲ ದಾಟಿ ಹೋಗುತ್ತಿದ್ದರು. ಅವನು ತಲೆ ಎತ್ತಲಿಲ್ಲ.

ತನುಜಾ ಸ್ವಲ್ಪ ಹೊತ್ತು ಅವನ ಬೆನ್ನನ್ನು ನೋಡಿದಳು. ಆಮೇಲೆ ಸೆರಗು ಎತ್ತಿ ಕಟ್ಟಿಕೊಂಡು ತಾನೂ ಬಗ್ಗಿ, ಕತ್ತಲಲ್ಲಿ ಅವನ ಜೊತೆ ನೆಲ ತಡವಿದಳು. ಕೈಗೆ ಕಡಲೆಕಾಯಿ ಸಿಪ್ಪೆಗಳು ಸಿಕ್ಕವು.