ಕಿಟಕಿಯಾಚೆಯ ಜೈಲಿನಿಂದ ಬಂದ ವ್ಯಾನು

ಉತ್ತರ ಇಂಗ್ಲೆಂಡಿನ ಆ ಊರಿನಲ್ಲಿ ಕೋರ್ಟಿನ ಕಿಟಕಿ ತೆರೆದರೆ ಎದುರಿಗೇ ಜೈಲು. ಕೋರ್ಟಿನಲ್ಲಿ ಹೆಸರು ಕೂಗುವ ಡೋರೀನ್ ದಿನಾ ಆ ಜೈಲಿನ ಗೋಡೆಯ ಪಕ್ಕದಿಂದ ನಡೆದು ಹತ್ತು ನಿಮಿಷದಲ್ಲಿ ಕೆಲಸಕ್ಕೆ ಬರುತ್ತಿದ್ದಳು. ಕೈದಿಗಳನ್ನು ತರುವ ಗುತ್ತಿಗೆ ವ್ಯಾನಿಗೆ ಮಾತ್ರ ಅಷ್ಟೇ ದಾರಿಗೆ ನಾಲ್ಕು ಗಂಟೆ. ಎಂಥಾ ಕರ್ಮ!

"ಲೀ ಎಂಟ್ವಿಸಲ್!"

ಅವನ ಜಾಮೀನು ಅರ್ಜಿಗೆ ಇದು ಮೂರನೇ ಕೂಗು, ಮೂರನೇ ದಿನ. ಕಟಕಟೆ ಖಾಲಿ. ಜಾಮೀನು ಅರ್ಜಿಗಳ ಸರದಿ ಹತ್ತೂವರೆಗೇ ಮುಗಿಯುತ್ತಿತ್ತು, ವ್ಯಾನು ಬರುತ್ತಿದ್ದುದು ಅದಾದ ಮೇಲೆ. ಹಿಂದಿನ ಬೆಂಚಿನಲ್ಲಿ ಹೆಂಡತಿ ಶೆಲ್ಲಿ, ಮಡಿಲಲ್ಲಿ ಮೂರು ವಾರದ ಕೂಸು. ಅಪ್ಪ ಅದನ್ನಿನ್ನೂ ಎತ್ತಿಕೊಂಡಿಲ್ಲ. ನಾಳೆ ತಪ್ಪಿದರೆ ಜಡ್ಜ್ ರಜೆ, ಮತ್ತೆ ಮುಂದಿನ ತಿಂಗಳೇ.

ಮಧ್ಯಾಹ್ನ ಜಡ್ಜ್ ಆಷ್‌ವರ್ತ್ ಗುತ್ತಿಗೆ ಕಂಪನಿಯ ಮ್ಯಾನೇಜರ್ ಕ್ರೌದರನನ್ನು ಕರೆಸಿದರು.

"ನಮ್ಮ ವ್ಯಾನು ಏಳೂವರೆಗೇ ಜೈಲು ಬಿಟ್ಟಿದೆ ಮಹಾಸ್ವಾಮಿ. ನಮ್ಮ ಕಾಗದದಲ್ಲಿ ತಡವೇ ಇಲ್ಲ."

ಅವರ ಕರಾರಿನಲ್ಲಿ ಹೊರಟ ಹೊತ್ತನ್ನಷ್ಟೇ ಬರೆಯುವ ಪದ್ಧತಿ. ಡೋರೀನಳಿಗೆ ಬಾಯಿ ಬಿಗಿ ಹಿಡಿಯಲಾಗಲಿಲ್ಲ. "ಬಿಟ್ಟಿದ್ದೇನೋ ಬಿಡ್ತು, ಬಂದು ಸೇರೋದ್ಯಾವಾಗ?"

ಜಡ್ಜ್ ಕೇಳಿಸದವರಂತೆ ಕೆಮ್ಮಿದರು. "ಕ್ರೌದರ್ ಅವ್ರೇ, ನಾಳೆ ಅದೇ ವ್ಯಾನಲ್ಲಿ ನೀವೂ ಕೂತು ಬನ್ನಿ. ಹುಕುಂ ಅಲ್ಲ, ಸಲಹೆ."

ಜಡ್ಜ್ ಕೊಟ್ಟ ಸಲಹೆ ಎಂದರೇನೆಂದು ಯಾರಿಗೆ ಗೊತ್ತಿಲ್ಲ!

ಮರುದಿನ ವ್ಯಾನು ಲೀಯನ್ನು ಮೊದಲು ಹತ್ತಿಸಿಕೊಂಡು, ಊರೂರಿನ ಮೂರು ಜೈಲು ಸುತ್ತಿ, ಹನ್ನೊಂದೂ ಮುಕ್ಕಾಲಿಗೆ ಕೋರ್ಟಿನ ಅಂಗಳಕ್ಕೆ ಬಂತು. ಇಳಿದ ಕ್ರೌದರನ ಟೈ ಜೇಬಿನಲ್ಲಿತ್ತು, ಮುಖ ಬಿಳಿಚಿತ್ತು.

"ಮೊದ್ಲು ಟಾಯ್ಲೆಟ್ ಎಲ್ಲಿದೆ ಹೇಳಿ ತಾಯಿ!"

"ಇಲ್ಲೇ ಪಕ್ಕದಲ್ಲಿ," ಎಂದಳು ಡೋರೀನ್. "ನಿಮ್ಮ ವ್ಯಾನಲ್ಲಿ ಹೋದ್ರೆ ನಾಲ್ಕು ಗಂಟೆ."

ಹಗುರಾಗಿ ಬಂದ ಕ್ರೌದರ್ ಸಾಕ್ಷಿಕಟ್ಟೆಯಲ್ಲಿ ತಲೆ ತಗ್ಗಿಸಿದ. "ತಪ್ಪು ನಮ್ದೇ ಮಹಾಸ್ವಾಮಿ. ಸೋಮವಾರದಿಂದ ಈ ಜೈಲಿಗೆ ಬೇರೆ ವ್ಯಾನು. ತಲುಪಿದ ಹೊತ್ತನ್ನೂ ಬರೀತೀವಿ."

"ಬರ್ದು ದಿನಾ ಸಂಜೆ ನನ್ನ ಮೇಜಿಗೆ ಕಳಿಸಿ," ಎಂದ ಜಡ್ಜ್, ವ್ಯಾನಿಗಾಗಿಯೇ ತಡೆದಿಟ್ಟಿದ್ದ ಲೀಯ ಅರ್ಜಿಯನ್ನು ಐದೇ ನಿಮಿಷದಲ್ಲಿ ಮುಗಿಸಿದರು. ಜಾಮೀನು ಸಿಕ್ಕಿತು.

ಹೊರಗೆ ಶೆಲ್ಲಿ ಕೂಸನ್ನು ಅವನ ತೋಳಿಗಿಟ್ಟಳು. ಲೀ ಗಳಗಳನೆ ಅತ್ತುಬಿಟ್ಟ. ಡೋರೀನಳೂ ಅತ್ತಳು, ಏನೀಗ? ಕ್ರೌದರ್ ಮೆಲ್ಲನೆ ಹತ್ತಿರ ಬಂದ.

"ಮನೆ ಎಲ್ಲಪ್ಪಾ? ವ್ಯಾನು ಇಲ್ಲೇ ಇದೆ, ಮನೆ ತನಕ ಬಿಡ್ಲಾ?"

ಲೀ ಕೂಸನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ ಸ್ವಾಮಿ. ಇವ್ಳು ಸ್ಕೂಲಿಗೆ ಸೇರೋ ಹೊತ್ತಿಗಾದ್ರೂ ಮನೆ ಮುಟ್ಬೇಕು. ನಡ್ಕೊಂಡೇ ಹೋಗ್ತೀವಿ."